ಅಡ್ರೆಸ್ ಕೊಟ್ಟ ಆಸ್ಪತ್ರೆಗಳು: ಸಿರಿಯಾದ ಯುದ್ಧದಲ್ಲಿ ಡಾಕ್ಟರುಗಳು ಗುರಿಯಾದದ್ದು ಹೇಗೆ, ಯಾಕೆ

2019ರ ಮೇ 5 ಮತ್ತು 6ರ ನಡುವೆ, ಸುಮಾರು 12 ಗಂಟೆಯೊಳಗೆ, ಬಂಡುಕೋರರ ಹಿಡಿತದಲ್ಲಿದ್ದ ಸಿರಿಯಾದ ವಾಯವ್ಯ ಮೂಲೆಯಲ್ಲಿ ನಾಲ್ಕು ಆಸ್ಪತ್ರೆಗಳ ಮೇಲೆ ಬಾಂಬು ಬಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ 12 ಗಂಟೆಯ ಲೆಕ್ಕವನ್ನು ಬಿಡಿಸಿ ಓದುಗರ ಮುಂದಿಟ್ಟಿತು. ಅದರ ಕೈಯಲ್ಲಿ ರಷ್ಯಾ ವಾಯುಪಡೆಯ ರೇಡಿಯೊ ಮಾತುಕತೆಯ ರೆಕಾರ್ಡಿಂಗ್ ಇತ್ತು. ಆಕಾಶ ನೋಡುತ್ತಾ ಯಾವ ವಿಮಾನ ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆದಿಡುವ ಸ್ಥಳೀಯರ ದಾಖಲೆ ಇತ್ತು. ಬಾಂಬು ಬಿದ್ದ ಕ್ಷಣದ ವಿಡಿಯೊಗಳೂ ಇದ್ದವು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಮಯ ಸರಿಯಾಗಿ ತಾಳೆಯಾಗುತ್ತಿತ್ತು. ಗುರಿಯ ಅಕ್ಷಾಂಶ, ರೇಖಾಂಶ ರೇಡಿಯೊದಲ್ಲಿ ಬರುತ್ತದೆ. ಬಾಂಬು ಬಿಟ್ಟ ಮೇಲೆ ಪೈಲಟ್ ‘ಕೆಲಸ ಆಯ್ತು’ ಎನ್ನುವ ಅರ್ಥದ ಒಂದು ರಷ್ಯನ್ ಪದ ಹೇಳುತ್ತಾನೆ. ಅಷ್ಟೇ.

ಈ ಅಂತರ್ಯುದ್ಧದಲ್ಲಿ ಸಿರಿಯಾ ಸರ್ಕಾರದ ಪರ ನಿಂತಿದ್ದ ರಷ್ಯಾ, ಆಸ್ಪತ್ರೆಗೆ ಬಾಂಬು ಹಾಕುವುದಿಲ್ಲ ಎಂದು ಮೊದಲಿನಿಂದಲೂ ಹೇಳಿಕೊಂಡೇ ಬಂದಿದೆ.

ಇಲ್ಲೊಂದು ವಿಚಿತ್ರವಿದೆ. ಕಫ್ರ್ ನಬ್ಲ್ ಎಂಬ ಊರಿನ ಶಸ್ತ್ರಚಿಕಿತ್ಸಾ ಆಸ್ಪತ್ರೆ ಸೇರಿದಂತೆ ಆ ಭಾಗದ ಎಷ್ಟೋ ಆಸ್ಪತ್ರೆಗಳು ತಮ್ಮ ಜಿಪಿಎಸ್ ಲೊಕೇಶನ್ನನ್ನು ತಾವೇ ವಿಶ್ವಸಂಸ್ಥೆಗೆ ಕೊಟ್ಟಿದ್ದವು. ವಿಶ್ವಸಂಸ್ಥೆ ಅದನ್ನು ರಷ್ಯಾಕ್ಕೆ ತಲುಪಿಸುತ್ತಿತ್ತು. ‘ಇಗೋ, ಇಲ್ಲಿ ಆಸ್ಪತ್ರೆ ಇದೆ, ಗೊತ್ತಿಲ್ಲದೆ ಬಾಂಬು ಹಾಕಿಬಿಟ್ಟೀರಿ’ ಎಂದು ಮೊದಲೇ ತಿಳಿಸುವ ಏರ್ಪಾಡು ಅದು. ಇದನ್ನು ಡಿಕನ್‌ಫ್ಲಿಕ್ಷನ್ ಪಟ್ಟಿ ಎನ್ನುತ್ತಾರೆ. ಹೆಸರು ಭಾರವಾದರೂ ಕೆಲಸ ಸರಳ. ದಾಳಿ ಮಾಡಬಾರದ ಜಾಗಗಳ ಪಟ್ಟಿ.

ಆ ಪಟ್ಟಿಯಲ್ಲಿದ್ದ ಆಸ್ಪತ್ರೆಗಳ ಮೇಲೆ ಬಾಂಬು ಬೀಳತೊಡಗಿದಾಗ ಅಲ್ಲಿನ ಡಾಕ್ಟರುಗಳು ಕೇಳಿಕೊಂಡ ಪ್ರಶ್ನೆ ಬಹಳ ನೇರವಾದದ್ದು: ನಾವು ಕೊಟ್ಟದ್ದು ರಕ್ಷಣೆ ಕೇಳುವ ಅರ್ಜಿಯೋ, ಗುರಿಯ ಪಟ್ಟಿಯೋ?

ಯುದ್ಧದಲ್ಲಿ ಆಸ್ಪತ್ರೆಯನ್ನು ಮುಟ್ಟಬಾರದು ಎಂಬ ನಿಯಮ ಹಳೆಯದು. ಅದು ನಿಂತಿರುವುದು ಒಂದು ನಂಬಿಕೆಯ ಮೇಲೆ. ಆಸ್ಪತ್ರೆ ಎದ್ದು ಕಾಣುವ ಹಾಗಿದ್ದರೆ ಅದು ಉಳಿಯುತ್ತದೆ ಎಂಬ ನಂಬಿಕೆ. ಸಿರಿಯಾದಲ್ಲಿ ಕುಸಿದದ್ದು ಅದೇ.

ನಿಯಮ ಏನು ಹೇಳುತ್ತದೆ

1864ರ ಮೊದಲ ಜಿನೀವಾ ಒಪ್ಪಂದದಿಂದಲೇ ಈ ನಿಯಮ ಇದೆ. ಬಿಳಿ ಬಟ್ಟೆಯ ಮೇಲೆ ಕೆಂಪು ಶಿಲುಬೆಯ ಗುರುತು ಬಂದದ್ದೂ ಆಗಲೇ. ಸಿರಿಯಾದಂಥ ದೇಶಗಳಲ್ಲಿ ಅದರ ಬದಲು ಕೆಂಪು ಅರ್ಧಚಂದ್ರ ಬಳಸುತ್ತಾರೆ. (ನಮ್ಮಲ್ಲಿ ಕ್ಲಿನಿಕ್, ಮೆಡಿಕಲ್ ಶಾಪ್, ಡಾಕ್ಟರ ಕಾರು, ಎಲ್ಲೆಂದರಲ್ಲಿ ಈ ಕೆಂಪು ಶಿಲುಬೆ ಕಾಣುತ್ತದೆ, ಅಲ್ವಾ? ಭಾರತದ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಅದನ್ನು ಹಾಕಿಕೊಳ್ಳುವುದು ಅಪರಾಧ. ಅದು ವೈದ್ಯ ವೃತ್ತಿಯ ಗುರುತಲ್ಲ. ‘ಇಲ್ಲಿ ಗುಂಡು ಹಾರಿಸಬೇಡಿ’ ಎಂದು ಹೇಳುವ ಗುರುತು.)

1949ರ ಜಿನೀವಾ ಒಪ್ಪಂದಗಳು ಮುಖ್ಯವಾಗಿ ದೇಶ-ದೇಶಗಳ ನಡುವಿನ ಯುದ್ಧಕ್ಕೆ ಬರೆದವು. ಆದರೆ ನಾಲ್ಕೂ ಒಪ್ಪಂದಗಳಲ್ಲಿ ಮೂರನೇ ವಿಧಿ ಒಂದೇ. ಒಂದೇ ದೇಶದೊಳಗಿನ ಯುದ್ಧಕ್ಕೆ ಅನ್ವಯವಾಗುವುದು ಅದು. ಗಾಯಗೊಂಡವರನ್ನೂ ಕಾಯಿಲೆಯವರನ್ನೂ ಎತ್ತಿ ತಂದು ಆರೈಕೆ ಮಾಡಬೇಕು ಎಂದು ಅದು ಹೇಳುತ್ತದೆ. ಯಾವ ಕಡೆಯವರು ಎಂದು ಕೇಳುವುದಿಲ್ಲ. 1977ರ ಎರಡನೇ ಹೆಚ್ಚುವರಿ ಪ್ರೋಟೊಕಾಲ್ ಇನ್ನೂ ಮುಂದೆ ಹೋಗಿ, ಯಾರಿಗೆ ಚಿಕಿತ್ಸೆ ಕೊಟ್ಟರೂ ಆ ಕಾರಣಕ್ಕೆ ಡಾಕ್ಟರನ್ನು ಶಿಕ್ಷಿಸುವಂತಿಲ್ಲ ಎಂದಿತು. ಸಿರಿಯಾ ಆ ಪ್ರೋಟೊಕಾಲ್‌ಗೆ ಸಹಿ ಹಾಕಿಲ್ಲ. ಭಾರತವೂ ಹಾಕಿಲ್ಲ. ಆದರೂ ಆಸ್ಪತ್ರೆಗೆ ರಕ್ಷಣೆ ಎಂಬ ನಿಯಮ ಎಲ್ಲ ದೇಶಗಳನ್ನೂ ಕಟ್ಟಿಹಾಕುವ ರೂಢಿಯ ಕಾನೂನು ಆಗಿದೆ. ಸಹಿ ಹಾಕಿಲ್ಲ ಎಂದು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಈ ರಕ್ಷಣೆ ಕಳೆದುಹೋಗುವ ಸಂದರ್ಭ ಇದೆಯೇ? ಇದೆ. ಆಸ್ಪತ್ರೆಯ ಒಳಗಿಂದ ಗುಂಡು ಹಾರಿಸಿದರೆ, ಅದನ್ನು ಮದ್ದುಗುಂಡಿನ ಗೋದಾಮು ಮಾಡಿಕೊಂಡರೆ ರಕ್ಷಣೆ ಹೋಗಬಹುದು. ಆಗಲೂ ಮೊದಲು ಎಚ್ಚರಿಕೆ ಕೊಡಬೇಕು. ಸಾಧ್ಯವಿರುವ ಕಡೆಯೆಲ್ಲ ಸರಿಪಡಿಸಿಕೊಳ್ಳಲು ಸಮಯ ಕೊಡಬೇಕು. ಆಮೇಲೂ ದಾಳಿಯಿಂದ ರೋಗಿಗಳಿಗೆ ಆಗುವ ಹಾನಿ ಎಷ್ಟು ಎಂದು ತೂಗಿ ನೋಡಬೇಕು. ಇನ್ನೊಂದು ಮಾತು ಗಮನಿಸಿ. ಗಾಯಗೊಂಡ ಹೋರಾಟಗಾರ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾನೆ ಎಂಬ ಮಾತ್ರಕ್ಕೆ ಆಸ್ಪತ್ರೆ ಗುರಿಯಾಗುವುದಿಲ್ಲ. ಅವನಿಂದ ಕಸಿದಿಟ್ಟ ಬಂದೂಕು ಮೂಲೆಯಲ್ಲಿದ್ದರೂ ಆಗುವುದಿಲ್ಲ. ‘ಆಸ್ಪತ್ರೆಯಲ್ಲಿ ಭಯೋತ್ಪಾದಕರಿದ್ದರು’ ಎಂಬ ಹೇಳಿಕೆ ಟಿವಿಯಲ್ಲಿ ಬಂದಾಗಲೆಲ್ಲ ಇದು ನೆನಪಿರಲಿ. ಇದ್ದರೂ ಇರಬಹುದು. ರೋಗಿಗಳಾಗಿ ಇದ್ದರೋ, ಸೈನಿಕರಾಗಿ ಇದ್ದರೋ ಎಂಬುದೇ ಪ್ರಶ್ನೆ.

ನಿಯಮಕ್ಕೆ ಏನೂ ಕೊರತೆ ಇರಲಿಲ್ಲ.

ಶುರುವಾದದ್ದು ಬಾಂಬಿನಿಂದಲ್ಲ

ಎರಡು ದೇಶಗಳು ಕಾದಾಡುವಾಗ ಎರಡೂ ಕಡೆ ಸೈನಿಕರು ಗಾಯಗೊಳ್ಳುತ್ತಾರೆ, ಎರಡೂ ಕಡೆ ಆಸ್ಪತ್ರೆಗಳಿರುತ್ತವೆ. ನಾನು ನಿನ್ನದನ್ನು ಮುಟ್ಟಲ್ಲ, ನೀನು ನನ್ನದನ್ನು ಮುಟ್ಟಬೇಡ ಎಂಬ ಲೆಕ್ಕ ನಡೆಯುತ್ತದೆ. ಅಂತರ್ಯುದ್ಧದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಸರ್ಕಾರದ ಕಣ್ಣಿಗೆ ಎದುರಾಳಿ ಸೈನಿಕನೇ ಅಲ್ಲ, ಅಪರಾಧಿ. ಅಪರಾಧಿಗೆ ಹೊಲಿಗೆ ಹಾಕಿದ ಡಾಕ್ಟರ್? ಅಪರಾಧಕ್ಕೆ ನೆರವಾದವನು.

ಸಿರಿಯಾದಲ್ಲಿ ಆದದ್ದು ಹೀಗೆಯೇ. 2011ರ ಮಾರ್ಚ್‌ನಲ್ಲಿ ಡೆರಾ ಊರಿನಲ್ಲಿ ಪ್ರತಿಭಟನೆ ಶುರುವಾಯಿತು. ಗುಂಡೇಟು ತಿಂದವರು ಸರ್ಕಾರಿ ಆಸ್ಪತ್ರೆಗೆ ಹೋದರೆ ವಾರ್ಡಿಗೇ ಭದ್ರತಾ ಪಡೆಯವರು ಬಂದು ಎಳೆದೊಯ್ಯುತ್ತಿದ್ದರು. ಹಾಗಾಗಿ ಗಾಯಾಳುಗಳು ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟರು. ಡಾಕ್ಟರುಗಳು ಮನೆಗಳಲ್ಲಿ, ನೆಲಮಾಳಿಗೆಗಳಲ್ಲಿ ಕದ್ದುಮುಚ್ಚಿ ಚಿಕಿತ್ಸೆ ಕೊಡತೊಡಗಿದರು. ಯುದ್ಧಕಾಲದ ಆಸ್ಪತ್ರೆಗಳು ಹುಟ್ಟಿದ್ದು ಇಲ್ಲಿಂದ. 2012ರ ಜುಲೈನಲ್ಲಿ ಬಷರ್ ಅಲ್ ಅಸ್ಸಾದ್ ಸರ್ಕಾರ ಭಯೋತ್ಪಾದನೆ ವಿರೋಧಿ ಕಾನೂನು ತಂದಿತು. ಸರ್ಕಾರದ ವಿರೋಧಿಗಳಿಗೆ ಚಿಕಿತ್ಸೆ ಕೊಡುವುದನ್ನೇ ಅಪರಾಧ ಮಾಡಿದ ಕಾನೂನು ಇದು ಎಂದು ವಿಶ್ವಸಂಸ್ಥೆಯ ವಿಚಾರಣಾ ಆಯೋಗ 2013ರಲ್ಲಿ ಬರೆಯಿತು.

ಅತ್ತ ಸರ್ಕಾರಿ ಮಿಲಿಟರಿ ಆಸ್ಪತ್ರೆಗಳಲ್ಲಿ ಇನ್ನೊಂದು ಕತೆ ನಡೆಯುತ್ತಿತ್ತು. ಬಂಧಿತರನ್ನು ಅಲ್ಲಿಗೆ ತಂದು ಹಿಂಸಿಸುತ್ತಿದ್ದರು. ‘ಸೀಸರ್’ ಎಂಬ ಗುಪ್ತನಾಮದ ಮಿಲಿಟರಿ ಫೋಟೊಗ್ರಾಫರ್ ದೇಶದಿಂದ ಹೊರಗೆ ಸಾಗಿಸಿದ ಸಾವಿರಾರು ಶವಗಳ ಫೋಟೊಗಳಲ್ಲಿ ಎಷ್ಟೋ ತೆಗೆದದ್ದು ದಮಾಸ್ಕಸ್‌ನ ಮಿಲಿಟರಿ ಆಸ್ಪತ್ರೆಯ ಅಂಗಳದಲ್ಲಿ. ಒಂದು ಕಡೆ ಆಸ್ಪತ್ರೆಯನ್ನು ಗುರಿ ಮಾಡಿದರು, ಇನ್ನೊಂದು ಕಡೆ ಆಸ್ಪತ್ರೆಯನ್ನೇ ಆಯುಧ ಮಾಡಿಕೊಂಡರು.

ವೈಮಾನಿಕ ದಾಳಿ ಜಾಸ್ತಿಯಾದದ್ದು ಆಮೇಲೆ. 2015ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ವಿಮಾನಗಳೂ ಸೇರಿಕೊಂಡವು. ಫಿಸಿಶಿಯನ್ಸ್ ಫಾರ್ ಹ್ಯೂಮನ್ ರೈಟ್ಸ್ ಎಂಬ ಸಂಸ್ಥೆ ಯುದ್ಧದ ಉದ್ದಕ್ಕೂ ಇಂಥ ದಾಳಿಗಳನ್ನು ಒಂದೊಂದಾಗಿ ಪರಿಶೀಲಿಸಿ ದಾಖಲಿಸಿದೆ. ಅದರ ಲೆಕ್ಕದಲ್ಲಿ ಆರೋಗ್ಯ ಕೇಂದ್ರಗಳ ಮೇಲೆ 600ಕ್ಕೂ ಹೆಚ್ಚು ದಾಳಿಗಳಾಗಿವೆ. 900ಕ್ಕೂ ಹೆಚ್ಚು ವೈದ್ಯಕೀಯ ಸಿಬ್ಬಂದಿ ಸತ್ತಿದ್ದಾರೆ. ಸುಮಾರು ಶೇ. 90ರಷ್ಟು ದಾಳಿಗಳಿಗೆ ಸಿರಿಯಾ ಸರ್ಕಾರ ಮತ್ತು ಅದರ ಮಿತ್ರರು ಹೊಣೆ.

ಉಳಿದ ಶೇ. 10 ಅಂದರೆ ಸುಮ್ನೆ ಬಿಟ್ಟುಬಿಡುವಷ್ಟು ಚಿಕ್ಕದಲ್ಲ. ಅಲೆಪ್ಪೊದ ಅಲ್ ಕಿಂದಿ ಆ ಭಾಗದ ದೊಡ್ಡ ಆಸ್ಪತ್ರೆಗಳಲ್ಲಿ ಒಂದು. ಸರ್ಕಾರಿ ಸೈನಿಕರು ಅದರೊಳಗೆ ಸೇರಿಕೊಂಡು ಅದನ್ನು ಠಾಣೆ ಮಾಡಿಕೊಂಡಿದ್ದರು. 2013ರ ಡಿಸೆಂಬರ್‌ನಲ್ಲಿ ಬಂಡುಕೋರರು ಸ್ಫೋಟಕ ತುಂಬಿದ ಲಾರಿ ನುಗ್ಗಿಸಿ ಅದನ್ನು ಉರುಳಿಸಿದರು. ಆ ಆಸ್ಪತ್ರೆಯನ್ನು ಹಾಳು ಮಾಡಿದ್ದು ಎರಡೂ ಕಡೆಯವರು ಸೇರಿ ಎನ್ನಬೇಕು.

ಯಾಕೆ ಆಸ್ಪತ್ರೆಯೇ?

ಗುರಿ ತಪ್ಪಿ ಬಿದ್ದಿರಬಹುದಲ್ಲ ಎಂದು ಕೇಳುವವರಿದ್ದಾರೆ. ಒಂದೆರಡು ಸಲ ಆಗಬಹುದು. ಆದರೆ ಬಂಡುಕೋರರ ಕೈಯಲ್ಲಿದ್ದ ಪೂರ್ವ ಅಲೆಪ್ಪೊದ ಎಂ10 ಆಸ್ಪತ್ರೆಯನ್ನು ನೋಡಿ. 2016ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ, ಒಂದು ವಾರದ ಆಸುಪಾಸಿನಲ್ಲಿ ಅದರ ಮೇಲೆ ಮತ್ತೆ ಮತ್ತೆ ಬಾಂಬು ಬಿತ್ತು. ರಿಪೇರಿ ಮಾಡುವವರು ಒಳಗಿದ್ದಾಗಲೂ ಬಿತ್ತು. ಗುರಿ ತಪ್ಪಿದ ಬಾಂಬು ಹೀಗೆ ಒಂದೇ ಕಟ್ಟಡಕ್ಕೆ ಮರಳಿ ಬರುವುದಿಲ್ಲ.

ದಾಳಿಗಳು ಹೆಚ್ಚಾದ ತಿಂಗಳುಗಳನ್ನು ನಕ್ಷೆಯ ಜೊತೆ ಇಟ್ಟು ನೋಡಿದರೆ ಕಾರಣ ಹೊಳೆಯುತ್ತದೆ. ಸರ್ಕಾರಿ ಸೇನೆ ಯಾವ ಪ್ರದೇಶವನ್ನು ಹಿಡಿಯಲು ಹೊರಟಿತ್ತೋ ಆ ಪ್ರದೇಶದಲ್ಲಿ, ಆ ಹೊತ್ತಿಗೇ ಆಸ್ಪತ್ರೆಗಳು ಬೀಳುತ್ತಿದ್ದವು. 2016ರಲ್ಲಿ ಅಲೆಪ್ಪೊ. 2018ರ ಶುರುವಿನಲ್ಲಿ ದಮಾಸ್ಕಸ್ ಪಕ್ಕದ ಪೂರ್ವ ಘೌಟಾ. 2019 ಮತ್ತು 2020ರಲ್ಲಿ ವಾಯವ್ಯದ ಇದ್ಲಿಬ್.

ಬಾಂಬಿನ ಸದ್ದಿಗೆ ಜನ ಒಗ್ಗಿಕೊಳ್ಳುತ್ತಾರೆ. ಕೇಳಲು ಕಷ್ಟ, ಆದರೆ ನಿಜ. ಹಿಟ್ಟಿನ ಗಿರಣಿ ಮುಚ್ಚಿದರೆ ಮನೆಯಲ್ಲೇ ಬೀಸಿಕೊಳ್ಳುತ್ತಾರೆ, ಶಾಲೆ ಮುಚ್ಚಿದರೆ ನೆಲಮಾಳಿಗೆಯಲ್ಲಿ ಪಾಠ ನಡೆಸುತ್ತಾರೆ. ಆದರೆ ತುಂಬು ಗರ್ಭಿಣಿಗೆ ಸಿಸೇರಿಯನ್ ಬೇಕಾದರೆ? ಅಪ್ಪನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಬೇಕಾದರೆ? ಮಗುವಿಗೆ ಬಾಂಬಿನ ಚೂರು ಹೊಕ್ಕರೆ ಎಲ್ಲಿಗೆ ಓಡುವುದು? ಆಸ್ಪತ್ರೆ ಇಲ್ಲ ಎಂದ ದಿನ ಕುಟುಂಬಗಳು ಗಂಟುಮೂಟೆ ಕಟ್ಟುತ್ತವೆ. ಹೋರಾಟಗಾರನಿಗೂ ಅಷ್ಟೇ. ಗಾಯವಾದರೆ ನೋಡಿಕೊಳ್ಳುವವರಿದ್ದಾರೆ ಎಂಬ ಧೈರ್ಯ ಹೋಗುತ್ತದೆ. ಜನರಿಲ್ಲದ ಊರನ್ನು ಹಿಡಿಯುವುದು ಸುಲಭ. ಒಂದು ಬೀದಿಯನ್ನು ನೆಲಸಮ ಮಾಡಿದರೂ ಆಗದ ಕೆಲಸ ಒಂದು ಆಪರೇಷನ್ ಥಿಯೇಟರ್ ಹಾಳಾದರೆ ಆಗಿಬಿಡುತ್ತದೆ. ಇದು ಕೋಪದಲ್ಲಿ ಮಾಡಿದ್ದಲ್ಲ, ಲೆಕ್ಕ ಹಾಕಿ ಮಾಡಿದ್ದು ಎಂದೇ ನನ್ನ ತಿಳಿವಳಿಕೆ.

ಕಟ್ಟಡವನ್ನಾದರೂ ಮತ್ತೆ ಕಟ್ಟಬಹುದು. ಡಾಕ್ಟರನ್ನು ತಯಾರು ಮಾಡಲು ಹತ್ತು ವರ್ಷ ಬೇಕು. 2016ರ ಏಪ್ರಿಲ್ 27ರ ರಾತ್ರಿ ಅಲೆಪ್ಪೊದ ಅಲ್ ಕುದ್ಸ್ ಆಸ್ಪತ್ರೆಯ ಮೇಲೆ ದಾಳಿಯಾಗಿ 50ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಒಬ್ಬರು ಮುಹಮ್ಮದ್ ವಸೀಮ್ ಮಾಝ್. ನಗರದ ಆ ಭಾಗದಲ್ಲಿ ಉಳಿದಿದ್ದ ಕೊನೆಯ ಕೆಲವೇ ಮಕ್ಕಳ ಡಾಕ್ಟರುಗಳಲ್ಲಿ ಅವರೂ ಒಬ್ಬರು. ಆ ವರ್ಷ ಪೂರ್ವ ಅಲೆಪ್ಪೊದಲ್ಲಿ ಸುಮಾರು ಎರಡೂವರೆ ಲಕ್ಷ ಜನರಿಗೆ ಉಳಿದಿದ್ದ ಡಾಕ್ಟರುಗಳು 35ರ ಆಸುಪಾಸು. ನವೆಂಬರ್ ಹೊತ್ತಿಗೆ ಅಲ್ಲಿನ ಆಸ್ಪತ್ರೆಗಳೆಲ್ಲ ಕೆಲಸ ನಿಲ್ಲಿಸಿದ್ದವು. ಡಿಸೆಂಬರ್‌ನಲ್ಲಿ ನಗರ ಸರ್ಕಾರದ ಕೈಗೆ ಬಂತು.

ಬಾಂಬು ಒಂದೇ ದಾರಿಯಲ್ಲ. 2018ರ ಮಾರ್ಚ್‌ನಲ್ಲಿ ಮುತ್ತಿಗೆಯಲ್ಲಿದ್ದ ಪೂರ್ವ ಘೌಟಾಕ್ಕೆ ನೆರವಿನ ಲಾರಿಗಳು ಹೊರಟವು. ಅವುಗಳಲ್ಲಿದ್ದ ವೈದ್ಯಕೀಯ ಸಾಮಗ್ರಿಯಲ್ಲಿ ಸುಮಾರು ಶೇ. 70ನ್ನು ಸರ್ಕಾರಿ ಅಧಿಕಾರಿಗಳು ಇಳಿಸಿಕೊಂಡರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಇಳಿಸಿದ್ದರಲ್ಲಿ ಇನ್ಸುಲಿನ್ ಕೂಡ ಇತ್ತು. ಅಕ್ಕಿಬೇಳೆ ಒಳಗೆ ಹೋಗಬಹುದು, ಶಸ್ತ್ರಚಿಕಿತ್ಸೆಯ ಕಿಟ್ ಹೋಗಬಾರದು ಎಂದರೆ ಉದ್ದೇಶ ಏನೆಂದು ಬಿಡಿಸಿ ಹೇಳಬೇಕಿಲ್ಲ. ಲಸಿಕೆಯೂ ಹಾಗೆಯೇ ತಪ್ಪಿಹೋಯಿತು. 1999ರ ನಂತರ ಸಿರಿಯಾದಲ್ಲಿ ಕಾಣಿಸದಿದ್ದ ಪೋಲಿಯೊ 2013ರಲ್ಲಿ ಡೇರ್ ಎಝ್ಝೋರ್‌ನಲ್ಲಿ ಮತ್ತೆ ತಲೆ ಎತ್ತಿತು.

ಗುಡ್ಡದೊಳಗೆ ಆಸ್ಪತ್ರೆ

ಡಾಕ್ಟರುಗಳು ಏನು ಮಾಡಿದರು? ಅಡಗಿದರು. ಆಸ್ಪತ್ರೆಯ ಗೋಡೆಯಿಂದ ಅರ್ಧಚಂದ್ರದ ಗುರುತು ಹೋಯಿತು. ಅಲೆಪ್ಪೊದಲ್ಲಿ ಆಸ್ಪತ್ರೆಗಳಿಗೆ ಎಂ1, ಎಂ2, ಎಂ10 ಎಂದು ಗುಟ್ಟಿನ ಹೆಸರು ಬಂತು. ಮೇಲಿನ ಮಹಡಿಗಳನ್ನು ಬಿಟ್ಟು ನೆಲಮಾಳಿಗೆಗೆ ಇಳಿದರು. ಕಫ್ರ್ ಝೀತಾ ಎಂಬಲ್ಲಿ ಗುಡ್ಡವನ್ನು ಕೊರೆದು ಗುಹೆಯೊಳಗೇ ಆಸ್ಪತ್ರೆ ಮಾಡಿಕೊಂಡರು. ಪೂರ್ವ ಘೌಟಾದಲ್ಲಿ ನೆಲದಡಿಯ ಆಸ್ಪತ್ರೆಯೊಂದನ್ನು ಅಮಾನಿ ಬಲ್ಲೂರ್ ಎಂಬ ಯುವ ಮಕ್ಕಳ ತಜ್ಞೆ ನಡೆಸಿದರು. ಹೆಂಗಸು ಆಸ್ಪತ್ರೆ ನಡೆಸುವುದೇ ಎಂದು ಗೊಣಗಿದವರನ್ನೂ ಬಾಂಬಿನ ಜೊತೆಗೇ ಅವರು ಎದುರಿಸಬೇಕಾಯಿತು. ಕೆಲವು ಕಡೆ ಐಸಿಯುಗೆ ಕ್ಯಾಮೆರಾ ಇಟ್ಟು, ಅಮೆರಿಕದಲ್ಲಿ ಕೂತ ಸಿರಿಯನ್ ಮೂಲದ ತಜ್ಞರು ಇಂಟರ್‌ನೆಟ್ ಮೂಲಕ ರೋಗಿಗಳನ್ನು ನೋಡಿ ಸಲಹೆ ಕೊಡುತ್ತಿದ್ದರು.

ವಿಮಾನ ನೋಡುವವರ ಜಾಲ ಬೆಳೆದದ್ದೂ ಇದೇ ಕಾರಣಕ್ಕೆ. ವಾಯುನೆಲೆಯ ಹತ್ತಿರ ಇದ್ದವರು ವಿಮಾನ ಏರಿದ್ದನ್ನು, ಅದು ಹೋದ ದಿಕ್ಕನ್ನು ವಾಕಿಟಾಕಿಯಲ್ಲಿ ಹೇಳುತ್ತಿದ್ದರು. ಆಸ್ಪತ್ರೆಯಲ್ಲಿ ಸಿಗುತ್ತಿದ್ದದ್ದು ಕೆಲವೇ ನಿಮಿಷ. ಅಷ್ಟರಲ್ಲಿ ಓಡಾಡಬಲ್ಲವರನ್ನು ಕೆಳಗಿಳಿಸಬೇಕು. ಹೊಟ್ಟೆ ತೆರೆದು ಮಲಗಿಸಿದ ರೋಗಿಯನ್ನು ಎಲ್ಲಿಗೆ ಇಳಿಸುವುದು? ಸರ್ಜನ್ ಅಲ್ಲೇ ನಿಲ್ಲಬೇಕು.

ಮಣ್ಣಿನಡಿ ಹೋದರೂ ಪೂರ್ತಿ ಉಳಿವಿಲ್ಲ. ಅಸ್ತ್ರವಾಗಿ ಬಳಸಿದ ಕ್ಲೋರಿನ್ ಎಂಬ ವಿಷಾನಿಲ ಗಾಳಿಗಿಂತ ಭಾರ, ತಗ್ಗಿಗೆ ಇಳಿಯುತ್ತದೆ. ಬಾಂಬಿಗೆ ನೆಲಮಾಳಿಗೆ ಒಳ್ಳೆಯದು, ಕ್ಲೋರಿನ್ನಿಗೆ ಅದೇ ಬೋನು. 2017ರ ಮಾರ್ಚ್ 25ರಂದು ಲತಾಮ್ನಾ ಊರಿನ ಆಸ್ಪತ್ರೆಯ ಚಾವಣಿ ಸೀಳಿಕೊಂಡು ಕ್ಲೋರಿನ್ ಸಿಲಿಂಡರ್ ಒಳಗೆ ಬಿತ್ತು. ಸಿರಿಯಾ ವಾಯುಪಡೆಯ ಹೆಲಿಕಾಪ್ಟರ್ ಅದನ್ನು ಹಾಕಿತು ಎಂದು ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆಯ ತನಿಖಾ ತಂಡ 2020ರಲ್ಲಿ ಹೇಳಿತು. ಅಲ್ಲಿನ ಸರ್ಜನ್ ಅಲಿ ದರ್ವೀಶ್ ಸತ್ತರು.

ಇಷ್ಟೆಲ್ಲ ಆದ ಮೇಲೆ ಲೊಕೇಶನ್ ಕೊಡುವ ಪ್ರಶ್ನೆ ಎಷ್ಟು ಬಿಸಿಯಾಗಿರಬೇಕು, ಊಹಿಸಿ. 2016ರ ಫೆಬ್ರವರಿ 15ರಂದು ಮಅರತ್ ಅಲ್ ನುಮಾನ್‌ನಲ್ಲಿ ಎಂಎಸ್‌ಎಫ್ ಎಂಬ ಅಂತರರಾಷ್ಟ್ರೀಯ ವೈದ್ಯರ ಸಂಸ್ಥೆಯ ಬೆಂಬಲದ ಆಸ್ಪತ್ರೆ ಧ್ವಂಸವಾಗಿ 25 ಜನ ಸತ್ತರು. ಮೊದಲ ದಾಳಿ ನಡೆದು, ಜನ ಗಾಯಾಳುಗಳನ್ನು ಎತ್ತಲು ಓಡಿ ಬಂದಾಗ ಎರಡನೇ ದಾಳಿ. ಸಿರಿಯಾದಲ್ಲಿ ಇದು ಎಷ್ಟು ಮಾಮೂಲಾಗಿತ್ತು ಎಂದರೆ, ಮೊದಲ ಬಾಂಬು ಬಿದ್ದ ಮೇಲೆ ನೆರವಿಗೆ ಎಷ್ಟು ಹೊತ್ತು ಬಿಟ್ಟು ಓಡಬೇಕು ಎಂಬುದೂ ಒಂದು ಲೆಕ್ಕವಾಗಿಬಿಟ್ಟಿತ್ತು. ಆ ಆಸ್ಪತ್ರೆಯ ಲೊಕೇಶನ್ನನ್ನು ಸಿರಿಯಾಕ್ಕಾಗಲಿ ರಷ್ಯಾಕ್ಕಾಗಲಿ ಕೊಟ್ಟಿರಲಿಲ್ಲ, ಸಿಬ್ಬಂದಿಯೇ ಬೇಡ ಎಂದಿದ್ದರು ಎಂದು ಎಂಎಸ್‌ಎಫ್ ಆಮೇಲೆ ಬಹಿರಂಗವಾಗಿ ಹೇಳಿತು. ಕೊಡದಿದ್ದರೂ ಬಾಂಬು ಬಂತು. 2019ರಲ್ಲಿ ಕೊಟ್ಟವರಿಗೂ ಬಂತು.

ನಮಗೆ ಹತ್ತಿರದ ಶ್ರೀಲಂಕಾದಲ್ಲಿ ಇದು ಮೊದಲೇ ನಡೆದಿತ್ತು. 2009ರ ಆರಂಭದಲ್ಲಿ, ಎಲ್‌ಟಿಟಿಇ ಜೊತೆಗಿನ ಯುದ್ಧದ ಕೊನೆಯ ತಿಂಗಳುಗಳಲ್ಲಿ, ವನ್ನಿ ಪ್ರದೇಶದ ಪುದುಕ್ಕುಡಿಯಿರುಪ್ಪು ಆಸ್ಪತ್ರೆಗೆ ಮತ್ತೆ ಮತ್ತೆ ಶೆಲ್ ಬಿತ್ತು. ವನ್ನಿಯ ಎಲ್ಲ ಆಸ್ಪತ್ರೆಗಳೂ ಶೆಲ್ ದಾಳಿಗೆ ಸಿಕ್ಕವು, ಅವು ಎಲ್ಲಿವೆ ಎಂದು ಸರ್ಕಾರಕ್ಕೆ ಚೆನ್ನಾಗಿ ಗೊತ್ತಿತ್ತು ಎಂದು ವಿಶ್ವಸಂಸ್ಥೆಯ ತಜ್ಞರ ತಂಡ 2011ರಲ್ಲಿ ವರದಿ ಕೊಟ್ಟಿತು. ಎಲ್‌ಟಿಟಿಇ ಜನರನ್ನು ಹೊರಗೆ ಹೋಗಲು ಬಿಡದೆ ಗುರಾಣಿ ಮಾಡಿಕೊಂಡದ್ದನ್ನೂ ಅದೇ ವರದಿ ಹೇಳಿದೆ. ಅಲ್ಲಿ ಉಳಿದು ಸತ್ತವರ ಸಂಖ್ಯೆಯನ್ನು ಹೊರಜಗತ್ತಿಗೆ ಹೇಳುತ್ತಿದ್ದ ಸರ್ಕಾರಿ ಡಾಕ್ಟರುಗಳನ್ನು ಯುದ್ಧ ಮುಗಿದ ಕೂಡಲೇ ಬಂಧಿಸಿದರು. ಜುಲೈನಲ್ಲಿ ಪತ್ರಿಕಾಗೋಷ್ಠಿಗೆ ಕರೆತಂದು ‘ನಾವು ಹೇಳಿದ್ದು ಉತ್ಪ್ರೇಕ್ಷೆ’ ಎನ್ನಿಸಿದರು.

ಯಾರು ಕೇಳಬೇಕು?

2016ರ ಮೇ 3ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2286ನೇ ನಿರ್ಣಯವನ್ನು ಒಮ್ಮತದಿಂದ ಒಪ್ಪಿತು. ಆಸ್ಪತ್ರೆಗಳ ಮೇಲಿನ ದಾಳಿ ನಿಲ್ಲಬೇಕು ಎಂಬ ನಿರ್ಣಯ. ರಷ್ಯಾ ಕೂಡ ಕೈ ಎತ್ತಿತ್ತು. ಅದೇ ದಿನ ಅಲೆಪ್ಪೊದ ಸರ್ಕಾರಿ ಹಿಡಿತದ ಭಾಗದಲ್ಲಿದ್ದ ಅಲ್ ದಬೀತ್ ಹೆರಿಗೆ ಆಸ್ಪತ್ರೆಗೆ ಎದುರು ಕಡೆಯಿಂದ ರಾಕೆಟ್ ಬಿತ್ತು.

2019ರ ದಾಳಿಗಳ ನಂತರ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಗುಟೆರಸ್ ಒಂದು ವಿಚಾರಣಾ ಮಂಡಳಿ ಮಾಡಿದರು. ಅದು ಕೆಲವೇ ಘಟನೆಗಳನ್ನು ನೋಡಿತು. 2020ರ ಏಪ್ರಿಲ್‌ನಲ್ಲಿ ಹೊರಬಂದ ಸಾರಾಂಶ ಓದಿದರೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಹಲವು ದಾಳಿಗಳನ್ನು ‘ಸಿರಿಯಾ ಸರ್ಕಾರ ಮತ್ತು/ಅಥವಾ ಅದರ ಮಿತ್ರರು’ ಮಾಡಿರುವ ಸಾಧ್ಯತೆ ಬಹಳ ಹೆಚ್ಚು ಎಂದು ಅದು ಬರೆಯಿತು. ರಷ್ಯಾ ಎಂಬ ಹೆಸರನ್ನು ಮಾತ್ರ ಹೇಳಲಿಲ್ಲ. ಅದೇ ಜೂನ್‌ನಲ್ಲಿ ರಷ್ಯಾ ಆ ಡಿಕನ್‌ಫ್ಲಿಕ್ಷನ್ ಪಟ್ಟಿಯ ಏರ್ಪಾಡಿನಿಂದಲೇ ಹೊರನಡೆಯಿತು.

ಹಾಗಾದರೆ ಪಟ್ಟಿ ಪೂರಾ ವ್ಯರ್ಥವೇ? ಆಸ್ಪತ್ರೆಗಳನ್ನು ಅದು ಉಳಿಸಲಿಲ್ಲ. ಆದರೆ ಬೇರೆ ಒಂದು ಉಪಯೋಗ ಉಳಿದಿದೆ. ಯುದ್ಧಾಪರಾಧ ಸಾಬೀತು ಮಾಡಲು ಬಾಂಬು ಬಿದ್ದದ್ದನ್ನು ತೋರಿಸಿದರೆ ಸಾಲದು. ಅದು ಆಸ್ಪತ್ರೆ ಎಂದು ಗೊತ್ತಿದ್ದೂ ಹಾಕಿದರು ಎಂದು ತೋರಿಸಬೇಕು. ಎಷ್ಟೋ ಪ್ರಕರಣಗಳು ಬಿದ್ದುಹೋಗುವುದು ಇಲ್ಲೇ. ತಾರೀಕು ಸಮೇತ ಲೊಕೇಶನ್ ತಲುಪಿಸಿದ ದಾಖಲೆ ಇದ್ದರೆ ‘ನಮಗೆ ಗೊತ್ತಿರಲಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ.

ಕೋರ್ಟು ಯಾವುದು ಎಂಬುದು ಮುಂದಿನ ತೊಡಕು. ಸಿರಿಯಾ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯ ದೇಶವಲ್ಲ. ಭದ್ರತಾ ಮಂಡಳಿ ಪ್ರಕರಣವನ್ನು ಅಲ್ಲಿಗೆ ಕಳಿಸಬಹುದಿತ್ತು. 2014ರ ಮೇನಲ್ಲಿ ಆ ಪ್ರಯತ್ನಕ್ಕೆ ರಷ್ಯಾ, ಚೀನಾ ವೀಟೊ ಹಾಕಿದವು. 2016ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸಾಕ್ಷ್ಯ ಕೂಡಿಸಿಡಲು ಪ್ರತ್ಯೇಕ ವ್ಯವಸ್ಥೆಯೊಂದನ್ನು ಮಾಡಿತು. ಅದು ಸಾಕ್ಷ್ಯ ಜೋಡಿಸಬಹುದು, ತೀರ್ಪು ಕೊಡುವಂತಿಲ್ಲ. ಜರ್ಮನಿಯಂಥ ಕೆಲವು ದೇಶಗಳ ಕಾನೂನು ಮಾತ್ರ ಎಲ್ಲೇ ನಡೆದ ಯುದ್ಧಾಪರಾಧವನ್ನೂ ತಮ್ಮ ಕೋರ್ಟಿನಲ್ಲಿ ವಿಚಾರಿಸಲು ಬಿಡುತ್ತದೆ. ಆರೋಪಿ ಅಲ್ಲಿಗೆ ಬಂದಿರಬೇಕು ಅಷ್ಟೇ. 2025ರ ಜೂನ್‌ನಲ್ಲಿ ಫ್ರಾಂಕ್‌ಫರ್ಟ್‌ನ ಕೋರ್ಟು ಒಬ್ಬ ಸಿರಿಯನ್ ಡಾಕ್ಟರ್‌ಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮಿಲಿಟರಿ ಆಸ್ಪತ್ರೆಗಳಲ್ಲಿ ಬಂಧಿತರನ್ನು ಹಿಂಸಿಸಿದ ಅಪರಾಧಕ್ಕೆ. ಆತ ಜರ್ಮನಿಯಲ್ಲೇ ಡಾಕ್ಟರಾಗಿ ಕೆಲಸ ಮಾಡಿಕೊಂಡಿದ್ದ. ಬಾಂಬು ಹಾಕಿದ ಪೈಲಟ್ ಹೀಗೆ ಕೆಲಸ ಹುಡುಕಿಕೊಂಡು ಯುರೋಪಿಗೆ ಬರುವುದಿಲ್ಲ.

2024ರ ಡಿಸೆಂಬರ್ 8ರಂದು ಅಸ್ಸಾದ್ ಆಡಳಿತ ಬಿದ್ದಿತು. ಅಸ್ಸಾದ್ ಮಾಸ್ಕೊಗೆ ಹೋಗಿ ಕೂತಿದ್ದಾರೆ. ಅದಕ್ಕೂ ಕೆಲವು ತಿಂಗಳ ಮುಂಚೆ, 2019ರಲ್ಲಿ ಕಫ್ರ್ ನಬ್ಲ್ ಆಸ್ಪತ್ರೆಯ ಮೇಲೆ ನಡೆದ ದಾಳಿಯ ಬಗ್ಗೆ ರಷ್ಯಾದ ವಿರುದ್ಧ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ಸಿರಿಯನ್ನರ ದೂರು ಹೋಗಿದೆ. ಆ ಸಮಿತಿ ಯಾರನ್ನೂ ಜೈಲಿಗೆ ಹಾಕಲಾರದು. ದೂರು ಕೇಳಬಹುದು, ಆ ದೇಶ ಮಾಡಿದ್ದು ತಪ್ಪು ಎಂದು ಹೇಳಬಹುದು, ಪರಿಹಾರ ಕೊಡಿ ಎನ್ನಬಹುದು. ಹಾಗೇನಾದರೂ ಹೇಳಿದರೆ, ‘ಮಿತ್ರರು’ ಎಂದಷ್ಟೇ ಬರೆದು ಬಿಟ್ಟಿದ್ದ ಜಾಗಕ್ಕೆ ಒಂದು ದೇಶದ ಹೆಸರು ಬಂದಂತಾಗುತ್ತದೆ.